ಠ ಕಣ್ಣು ಬಿಟ್ಟಾಗ

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾನಿದ್ದ ಕಂಪನಿಗೆ ಅಮೆರಿಕದಲ್ಲಿ ಒಬ್ಬ ಕ್ಲೈಂಟ್ ಇದ್ದ. ನಮಗೆ ಮನೆಗೆ ಹೊರಡೋ ಹೊತ್ತಾದಾಗ ಅವನಿಗೆ ಬೆಳಗಾಗುತ್ತಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಕಾಲ್‌ಗೆ ಕೂರುತ್ತಿದ್ದೆವು. ಒಂದು ಸಂಜೆ ನಾನು ಕಳಿಸಿದ ಲೆಕ್ಕದಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ಚಾಟ್‌ನಲ್ಲಿ ಅವನ ಉತ್ತರ ಬಂತು. ಬರೀ ಇಷ್ಟು:

ಠ_ಠ

ನನಗೆ ಕಂಡಿದ್ದು ಕನ್ನಡ. ಠ, ಒಂದು ಗೆರೆ, ಮತ್ತೆ ಠ. ಮೂರನೇ ಕ್ಲಾಸಿನ "ಬಿಟ್ಟ ಸ್ಥಳ ತುಂಬಿರಿ" ನೆನಪಾಯಿತು. ಠದಿಂದ ಶುರುವಾಗಿ ಠದಲ್ಲೇ ಮುಗಿಯೋ ಪದ ಯಾವುದಪ್ಪಾ ಅಂತ ನಿಜವಾಗಲೂ ಒಂದು ನಿಮಿಷ ಯೋಚಿಸಿದೆ. ಆಮೇಲೆ ಎದೆ ಧಸಕ್ಕೆಂದಿತು. ಅಂದರೆ ಈ ಮನುಷ್ಯನಿಗೆ ಕನ್ನಡ ಬರುತ್ತೆ! ಎರಡು ವರ್ಷದಿಂದ ನಾನೂ ಪಕ್ಕದ ಸೀಟಿನ ದಾವಣಗೆರೆ ಗೆಳೆಯನೂ ಮ್ಯೂಟ್ ಒತ್ತೋ ಗೋಜಿಗೇ ಹೋಗದೆ ಅವನ ಬಗ್ಗೆ ಏನೇನು ಮಾತಾಡಿಕೊಂಡಿದ್ದೆವೋ ಎಲ್ಲ ಒಂದೊಂದಾಗಿ ನೆನಪಿಗೆ ಬಂತು.

"ಗುರೂ, ಇವನಿಗೆ ಕನ್ನಡ ಬರುತ್ತೆ ಕಣೋ" ಅಂದೆ.

ಗೆಳೆಯ ಕತ್ತು ಚಾಚಿ ಪರದೆ ನೋಡಿದ. "ಬಂದಿದ್ರೆ ಇಷ್ಟೊತ್ತಿಗೆ ನಮ್ಮನ್ನ ಮನಿಗೆ ಕಳಸ್ತಿದ್ದ, ಬಿಡಲೇ" ಅಂದ.

ಧೈರ್ಯ ಮಾಡಿ ಅವನನ್ನೇ ಕೇಳಿದೆ, ನಿಮಗೆ ಕನ್ನಡ ಬರುತ್ತಾ ಅಂತ. ಅವನು ತಿರುಗಿ ಕೇಳಿದ: ಕನ್ನಡ ಅಂದರೇನು?

ಅವನ ಪ್ರಕಾರ ಅದು ಅಕ್ಷರವೇ ಅಲ್ಲ. ಒಂದು ಮುಖ. ಎರಡು ಕಡೆ ಎರಡು ಕಣ್ಣು, ನಡುವಿನ ಗೆರೆ ಬಿಗಿದ ಬಾಯಿ. ಒಪ್ಪಿಗೆಯಿಲ್ಲದೆ ದುರುಗುಟ್ಟಿ ನೋಡೋ ಮುಖ. ಕಾಲೇಜಿನ ದಿನಗಳಿಂದ ಬಳಸುತ್ತಿದ್ದಾನಂತೆ. ಎಲ್ಲಿಂದ ಬಂತು ಅಂತ ಒಂದು ದಿನವೂ ಯೋಚನೆ ಮಾಡಿಲ್ಲವಂತೆ. ಇದು ನಮ್ಮ ವರ್ಣಮಾಲೆಯ ಅಕ್ಷರ, 2011ರ ಜನಗಣತಿ ಪ್ರಕಾರ 4 ಕೋಟಿಗೂ ಹೆಚ್ಚು ಜನರ ತಾಯ್ನುಡಿ ಅಂತ ನಾನು ಅರ್ಧ ಪುಟ ಬರೆದೆ. ಅವನು "ಕೂಲ್" ಅಂದ. ಆ ಸೊನ್ನೆ ತೆಗಿ ಅಂತಲೂ ಅಂದ.

ಆವತ್ತು ರಾತ್ರಿ ಮನೆಗೆ ಬಂದು ಕೂತು ಹುಡುಕಿದೆ. ನಿಜ. ನಮ್ಮ ಠ ನಮಗೆ ಹೇಳದೆ ಕೇಳದೆ ಜಗತ್ತು ಸುತ್ತಿ ಬಂದಿದೆ. ಯೂನಿಕೋಡ್ ಅನ್ನೋದು ಜಗತ್ತಿನ ಲಿಪಿಗಳಿಗೆಲ್ಲ ಸೈಟು ಹಂಚೋ ಬಡಾವಣೆ ಇದ್ದ ಹಾಗೆ. ಒಂದೊಂದು ಅಕ್ಷರಕ್ಕೂ ಒಂದೊಂದು ಡೋರ್ ನಂಬರ್. 1991ರಲ್ಲಿ ಬಡಾವಣೆ ಶುರುವಾದಾಗಲೇ ಕನ್ನಡಕ್ಕೆ ಒಂದು ಬೀದಿ ಸಿಕ್ಕಿತ್ತು. ಆ ಬೀದಿಯಲ್ಲಿ ಠ ಇರೋ ಮನೆಯ ನಂಬರು ಸೊನ್ನೆ-ಸಿ-ಎ-ಸೊನ್ನೆ. 2000ದ ದಶಕ ಮುಗಿಯೋ ಹೊತ್ತಿಗೆ ಇಂಗ್ಲಿಷಿನಲ್ಲಿ ಹರಟೋ ಹುಡುಗರಿಗೆ ಯಾರೋ ಈ ಮನೆ ತೋರಿಸಿಬಿಟ್ಟಿದ್ದಾರೆ. ಟೈಪ್ ಮಾಡೋಕೆ ಅವರಿಗೇನೂ ಬರುತ್ತಿರಲಿಲ್ಲ. ನುಡಿ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಕ್ಯೂ ಒತ್ತಿದರೆ ಠ ಬರುತ್ತೆ ಅನ್ನೋದು ಅವರಿಗೆ ಹೇಗೆ ಗೊತ್ತಿರಬೇಕು? ಒಬ್ಬ ಕಾಪಿ ಮಾಡಿದ, ಇನ್ನೊಬ್ಬ ಪೇಸ್ಟ್ ಮಾಡಿದ. ಹಾಗೇ ಲಕ್ಷಾಂತರ ಜನರ ಕೈಗೆ ಹೋಯಿತು. ಇಂಗ್ಲಿಷಿನಲ್ಲಿ ಅದಕ್ಕೆ "ಲುಕ್ ಆಫ್ ಡಿಸಪ್ರೂವಲ್" ಅಂತ ಹೆಸರೂ ಇದೆ.

ಠಕ್ಕೆ ಒಬ್ಬ ತಮ್ಮನೂ ಇದ್ದಾನೆ. ಥ_ಥ. ಇವನು ಅಳೋ ಮುಖ. ಥದ ಬುಡದಲ್ಲಿರೋ ಗೀಟು ಅವರ ಕಣ್ಣಿಗೆ ಕಣ್ಣೀರು. ಒಂದು ಸಲ ಯೋಚನೆ ಮಾಡಿ, ನಾವು ಮಹಾಪ್ರಾಣ ಅಂತ ಒದ್ದಾಡಿ ಕಲಿತ ಅಕ್ಷರಗಳಲ್ಲಿ ಒಂದು ದುರುಗುಟ್ಟುತ್ತಿದೆ, ಇನ್ನೊಂದು ಅಳುತ್ತಿದೆ.

ಹೈದರಾಬಾದಿನ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರಿಗೆ ಸ್ವಲ್ಪ ಹೊಟ್ಟೆ ಉರಿಯಿತು. ತೆಲುಗಿನ ಠ ಕೂಡ ಹೆಚ್ಚುಕಮ್ಮಿ ಹೀಗೇ ಇದೆಯಲ್ಲ, ನಮ್ಮದನ್ನೇಕೆ ತಗೊಳ್ಳಲಿಲ್ಲ ಅಂದರು. ಕಾರಣ ತಲೆಕಟ್ಟು ಅಂತ ನನ್ನ ಊಹೆ. ತೆಲುಗಿನ ತಲಕಟ್ಟು ಟಿಕ್ ಹಾಕಿದ ಹಾಗಿರುತ್ತೆ, ಪಾಸಾದ ಪೇಪರಿನ ಥರ. ನಮ್ಮದು ಚಪ್ಪಟೆ, ಗಂಟಿಕ್ಕಿದ ಹುಬ್ಬು. ಅದಕ್ಕೇ ನಮ್ಮ ಠಕ್ಕೆ ಆ ಗತ್ತು.

ಇನ್ನೊಂದು ತಮಾಷೆ. 2021ರ ಜೂನ್‌ನಲ್ಲಿ ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಯಾರೋ ಹುಡುಕಿದ್ದಕ್ಕೆ ಗೂಗಲ್ ಕನ್ನಡ ಅಂತ ತೋರಿಸಿತ್ತಲ್ಲ, ನೆನಪಿದೆಯಾ? ದೊಡ್ಡ ಗಲಾಟೆಯಾಗಿ ಕೊನೆಗೆ ಗೂಗಲ್ ಕ್ಷಮೆ ಕೇಳಿತು. ಆವತ್ತು ನನ್ನ ಗುಂಪುಗಳಲ್ಲಿ ಎಲ್ಲರೂ ಸಿಟ್ಟಿನಲ್ಲಿ ಪುಟಗಟ್ಟಲೆ ಬರೆದರು. ಆ ಸಿಟ್ಟು ತೋರಿಸೋಕೆ ಜಗತ್ತೇ ಬಳಸೋ ಮುಖ ನಮ್ಮ ವರ್ಣಮಾಲೆಯಲ್ಲೇ ಇತ್ತು. ಯಾರಿಗೂ ಹೊಳೆಯಲಿಲ್ಲ. ನನಗೂ.

ಯಾಕೆ ಹೊಳೆಯಲಿಲ್ಲ ಅನ್ನೋದೇ ನನ್ನ ತಲೆ ತಿಂದ ಪ್ರಶ್ನೆ. ಎಷ್ಟು ಪ್ರಯತ್ನಪಟ್ಟರೂ ನನಗೆ ಅದು ಮುಖವಾಗಿ ಕಾಣುತ್ತಿರಲಿಲ್ಲ. ಕಣ್ಣು ಬಿದ್ದ ತಕ್ಷಣ ಬಾಯಿ "ಠ" ಅಂತ ಓದಿ ಮುಗಿಸಿಬಿಡುತ್ತಿತ್ತು. ಓದು ಬಂದವನಿಗೆ ಇದೊಂದು ಶಾಪ. ಕ್ಲೈಂಟಿಗೆ ಓದೋಕೆ ಬರುತ್ತಿರಲಿಲ್ಲ, ಅದಕ್ಕೇ ಅವನಿಗೆ ಕಂಡಿತು.

ನಾನು ಓದು ಕಲಿತಿದ್ದು ಅಮ್ಮನ ಹತ್ತಿರ. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್, ಈಗ ರಿಟೈರ್ಡ್. ಮಹಾಪ್ರಾಣ ಕಲಿಸೋಕೆ ಅವಳದೊಂದು ಉಪಾಯವಿತ್ತು. ನೋಟ್‌ಬುಕ್ಕಿನ ಹಾಳೆಯಿಂದ ಒಂದು ಪಟ್ಟಿ ಹರಿದು ಬಾಯಿ ಮುಂದೆ ಹಿಡಿಯೋಳು. "ಟ" ಅಂದರೆ ಪಟ್ಟಿ ಅಲ್ಲಾಡಬಾರದು. "ಠ" ಅಂದರೆ ಪಟಪಟ ಅನ್ನಬೇಕು. ನಾವೆಲ್ಲ ಊದಿ ಊದಿ ಪಟ್ಟಿಗೆ ಎಂಜಲು ಹಾರಿಸುತ್ತಿದ್ದೆವು. ಗೋಡೆ ಮೇಲಿನ ಚಾರ್ಟಿನಲ್ಲಿ ಟ ಅಂದರೆ ಟಗರು, ಡ ಅಂದರೆ ಡಮರು. ಠ ಅಂದರೆ ಠಸ್ಸೆ. ಹೊಡೆದು ಹೊಡೆದು ಆ ಚಾರ್ಟು ಹರಿದು ಹೋದ ಮೇಲೆ ಬಂದ ಹೊಸ ಚಾರ್ಟಿನಲ್ಲಿ ಠ ಅಂದರೆ ಠಕ್ಕ. ಕರೀ ಪಟ್ಟಿ ಕಟ್ಟಿಕೊಂಡ ಕಳ್ಳನ ಚಿತ್ರ. ಸರ್ಕಾರಿ ಮೊಹರು, ಇಲ್ಲದಿದ್ದರೆ ಮೋಸಗಾರ. ಆರು ವರ್ಷದ ಮಕ್ಕಳಿಗೆ ಠದ ಮೊದಲ ಪರಿಚಯ ಇದು.

ಇಷ್ಟೆಲ್ಲ ಊದಿ ಕಲಿತರೂ ಮಾತಾಡುವಾಗ ಯಾರೂ ಊದಲ್ಲ. ಮಠ ಅಂತ ಬರೆದು ಮಟ ಅಂತೀವಿ. ಹಠ ಮಾಡ್ಬೇಡ ಅಂತ ಬೈಯೋ ಅಮ್ಮನ ಬಾಯಲ್ಲೂ ಅದು ಹಟವೇ. ಟೀಚರ್ ಆಗಿದ್ದಾಗ ಮಾತ್ರ ಅವಳಿಗೆ ಉಸಿರು ಜಾಸ್ತಿ. ಇದನ್ನೇ ಇಟ್ಟುಕೊಂಡು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಮಹಾಪ್ರಾಣಗಳೇ ಬೇಡ ಅಂತ ವಾದಿಸಿದರು. ವಾದಿಸಿ ಸುಮ್ಮನಾಗಲಿಲ್ಲ, ತಮ್ಮ ಹೆಸರನ್ನೂ ಶಂಕರ ಬಟ್ ಅಂತ ಬರೆದುಕೊಂಡರು. ಅವರ ವಾದದಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತೆ. ಆದರೆ ಅದು ಜಾರಿಗೆ ಬಂದಿದ್ದರೆ ಇಂಟರ್ನೆಟ್ಟಿಗೆ ಕಣ್ಣೇ ಇರುತ್ತಿರಲಿಲ್ಲ.

ಕೊಪ್ಪಳದ ಗವಿಮಠದ ಹತ್ತಿರ ಬೆಟ್ಟದ ಮೇಲೆ ಅಶೋಕನ ಶಾಸನ ಇದೆ. ಆ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಠ ಅಂದರೆ ಬರೀ ಒಂದು ದುಂಡು ಸುತ್ತು. ಚುಕ್ಕೆ ಇಲ್ಲ, ತಲೆಕಟ್ಟು ಇಲ್ಲ. ಸುತ್ತಿನೊಳಗೆ ಚುಕ್ಕೆ ಇಟ್ಟರೆ ಅದು ಥ. ಅಂದರೆ ನಮ್ಮ ಠ ಹುಟ್ಟಿದ್ದು ಕಣ್ಣುಗುಡ್ಡೆಯಿಲ್ಲದೆ. ಆಮೇಲೆ ಯಾವಾಗಲೋ ಕಣ್ಣು ಬಂದಿದೆ, ಹುಬ್ಬು ಬೆಳೆದಿದೆ, ಸಿಟ್ಟು ಬಂದಿದೆ.

ನನಗೆ ಆ ಮುಖ ಕಂಡಿದ್ದು ಕೊನೆಗೆ ಒಂದು ಬೆಳಗ್ಗೆ, ಪೇಪರ್ ಓದುವಾಗ. ಕನ್ನಡಕ ಸಿಕ್ಕಿರಲಿಲ್ಲ. ಅಕ್ಷರ ಮಸುಕುಮಸುಕಾಗಿ, ಓದೋಕೆ ಆಗದೆ, ಸುಮ್ನೆ ನೋಡುತ್ತಾ ಕೂತಿದ್ದೆ. ಮುಖಪುಟದ ದಪ್ಪ ಹೆಡ್ಡಿಂಗಿನಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಕನ್ನಡಕ ಹುಡುಕಿ ಹಾಕಿಕೊಂಡು ಓದಿದೆ. "ವರಿಷ್ಠರ ತೀರ್ಮಾನಕ್ಕೆ ಬದ್ಧ". ಠ ಅಲ್ಲಿ ಷದ ಕೆಳಗೆ ಒತ್ತಾಗಿ ನೇತಾಡುತ್ತಿತ್ತು, ಕಟ್ಟೆ ಕೆಳಗೆ ಅಡಗಿ ಕೂತು ಬೀದಿ ನೋಡೋ ಬೆಕ್ಕಿನ ಹಾಗೆ.

ಒಮ್ಮೆ ಕಂಡಿದ್ದೇ ತಡ, ಎಲ್ಲೆಲ್ಲೂ ಅದೇ. ಆವತ್ತಿನ ಪೇಪರಿನ ರಾಜಕೀಯದ ಪುಟಗಳಲ್ಲಿ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋದೆ. ಪತ್ರಿಕಾಗೋಷ್ಠಿ. ನಿಷ್ಠಾವಂತ ಕಾರ್ಯಕರ್ತ. ಪ್ರತಿಷ್ಠೆಯ ಕಣ. ಮಠಕ್ಕೆ ಭೇಟಿ. ಕಠಿಣ ಕ್ರಮ. ಪೊಲೀಸ್ ಠಾಣೆ, ಲಾಠಿ ಪ್ರಹಾರ. ಪಂಚಾಯಿತಿಯ ಠರಾವು. ವಿಭಾಗೀಯ ಪೀಠ. ಕನಿಷ್ಠ ಬೆಂಬಲ ಬೆಲೆ. ಮಾತಿನಲ್ಲಿ ನಾವು ಬಳಸದೆ ಬಿಟ್ಟ ಅಕ್ಷರ ರಾಜಕೀಯದಲ್ಲಿ ಇಷ್ಟೊಂದು ದುಡಿಯುತ್ತಿದೆ. ಠ ಇಲ್ಲದೆ ಕರ್ನಾಟಕದಲ್ಲಿ ಒಂದು ಸರ್ಕಾರ ರಚನೆ ಮಾಡೋಕೂ ಆಗಲ್ಲ, ಬೀಳಿಸೋಕೂ ಆಗಲ್ಲ.

ಅಷ್ಟರಲ್ಲಿ ಇನ್ನೊಂದು ವಿಷಯ ಕಂಡಿತು. ಇಷ್ಟ, ಕಷ್ಟ, ನಷ್ಟ, ಇವೆಲ್ಲ ಬರೀ ಟ. ಪರಿಶಿಷ್ಟ ಕೂಡ ಟ. ವರಿಷ್ಠ, ಶ್ರೇಷ್ಠ, ಪ್ರತಿಷ್ಠೆಗೆ ಮಾತ್ರ ಠ. ಸಂಸ್ಕೃತ ಬಲ್ಲವರು ಇದಕ್ಕೆ ವ್ಯಾಕರಣದ ಕಾರಣ ಕೊಡುತ್ತಾರೆ, ಕೊಡಲಿ. ನನಗೆ ಕಂಡಿದ್ದು ಇಷ್ಟೇ: ಕಷ್ಟ-ನಷ್ಟ ನಮ್ಮ ಪಾಲಿಗೆ, ಕಣ್ಣು ಬಿಡೋ ಕೆಲಸ ಅವರ ಪಾಲಿಗೆ.

ಆದರೆ ನಮ್ಮ ಮನೆಯಲ್ಲಿ ಠ ಅಂದರೆ ಇವು ಯಾವುವೂ ಅಲ್ಲ. ನಮ್ಮ ಮನೆಯಲ್ಲಿ ಠ ಅಂದರೆ ಠೇವಣಿ.

ನನ್ನ ಸೋದರಮಾವ 2013ರ ವಿಧಾನಸಭೆ ಚುನಾವಣೆಗೆ ನಿಂತಿದ್ದರು. ತುಮಕೂರು ಜಿಲ್ಲೆಯ ಹಳ್ಳಿ, ಕೊಬ್ಬರಿ ವ್ಯಾಪಾರ, ಒಳ್ಳೆ ಮನುಷ್ಯ. ನಿಲ್ಲೋಕೆ ಕಾರಣ ಒಂದು ಕುರ್ಚಿ. ಊರಲ್ಲಿ ಯಾವುದೋ ಸಮುದಾಯ ಭವನದ ಉದ್ಘಾಟನೆ. ಅದಕ್ಕೆ ಮಾವ ಚಂದಾ ಕೊಟ್ಟಿದ್ದರು, ಸ್ಟೇಜ್ ಮೇಲೆ ಅವರಿಗೆ ಕುರ್ಚಿ ಹಾಕಿರಲಿಲ್ಲ. ಅಷ್ಟೇ. ಮೊದಲು ಪ್ರತಿಷ್ಠೆ, ಆಮೇಲೆ ಹಠ, ಆಮೇಲೆ ನಾಮಪತ್ರ.

ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು. ಮಾವನಿಗೆ ಹತ್ತೂ ಜನ ಊರಲ್ಲೇ ಸಿಕ್ಕರು. ಹತ್ತನೆಯ ಸಹಿ ಅತ್ತೆಯದು. ಠೇವಣಿ 10,000 ರೂಪಾಯಿ. ಚಿಹ್ನೆ ಹೊಲಿಗೆ ಯಂತ್ರ ಸಿಕ್ಕಿತು. ಇದೇ ಎಡವಟ್ಟಾಗಿದ್ದು. ಮನೆಯಲ್ಲಿ ಅತ್ತೆಯದೊಂದು ಹಳೇ ಹೊಲಿಗೆ ಮಿಷನ್ ಇತ್ತು. ಮಾವ ಅದನ್ನು ಟೆಂಪೋ ಮೇಲೆ ಹಗ್ಗ ಹಾಕಿ ಕಟ್ಟಿ ಪ್ರಚಾರಕ್ಕೆ ಹೊರಟರು. ಮದುವೆ ಸೀಸನ್. ಅತ್ತೆ ಹೊಲಿದು ಕೊಡ್ತೀನಿ ಅಂತ ಒಪ್ಪಿಕೊಂಡಿದ್ದ ಬ್ಲೌಸ್ ಬಟ್ಟೆಗಳೆಲ್ಲ ಮನೆಯಲ್ಲಿ ಗುಡ್ಡೆ ಬಿದ್ದಿದ್ದವು, ಮಿಷನ್ ಮಾತ್ರ ಊರೂರು ತಿರುಗುತ್ತಿತ್ತು. ಎರಡು ವಾರ. ವಾಪಸ್ ಬಂದಾಗ ಅದರ ಬೆಲ್ಟ್ ಹರಿದಿತ್ತು, ಸೂಜಿ ಇರಲಿಲ್ಲ.

ಕರಪತ್ರದ ಉಸ್ತುವಾರಿ ನನ್ನದು. ಡಿಟಿಪಿ ಅಂಗಡಿಯವನು ನುಡಿಯಲ್ಲಿ ಟೈಪ್ ಮಾಡಿ ಮೇಲ್ ಮಾಡಿದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇರಲಿಲ್ಲ. ಹಳೇ ನುಡಿ ಫಾಂಟಿನ ಕಥೆ ಗೊತ್ತಿರೋರಿಗೆ ಗೊತ್ತು. ಫಾಂಟ್ ಇಲ್ಲದಿದ್ದರೆ ಕನ್ನಡ ಹೋಗಿ ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅದರಲ್ಲೂ "ನ" ಇದ್ದ ಕಡೆಯೆಲ್ಲ ಬ್ರಿಟನ್ನಿನ ಪೌಂಡ್ ಗುರುತು. ಮಾವ ಹಿಂದೆ ನಿಂತು ನೋಡುತ್ತಿದ್ದರು. ಮುಖ ಬಿಳುಚಿಕೊಂಡಿತು.

"ಇದೇನೋ ಇದು, ಇಂಗ್ಲೆಂಡ್ ದುಡ್ಡಿನ ಗುರುತು! ಯಾರಾದ್ರೂ ನೋಡಿದ್ರೆ ನಂಗೆ ಫಾರಿನ್ನಿಂದ ದುಡ್ಡು ಬಂದಿದೆ ಅಂದ್ಕೋತಾರೆ. ಮೊದ್ಲು ಅಳಿಸೋ!"

ಫಲಿತಾಂಶ ಬಂತು. ಠೇವಣಿ ಉಳಿಯಬೇಕು ಅಂದರೆ ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರಬೇಕು. ಬೇಕಿದ್ದಿದ್ದು ಇಪ್ಪತ್ತು ಸಾವಿರ ಚಿಲ್ಲರೆ. ಬಂದಿದ್ದು 412. ಆಗಿನ್ನೂ ನೋಟಾ ಬಂದಿರಲಿಲ್ಲ, ಅದು ಶುರುವಾಗಿದ್ದು ಅದೇ ವರ್ಷದ ಕೊನೆಗೆ. ಯಾರೂ ಬೇಡ ಅನ್ನೋರೆಲ್ಲ ಹೊಲಿಗೆ ಮಿಷನ್‌ಗೆ ಒತ್ತಿದ್ದಾರೆ ಅಂತ ಅಪ್ಪನ ವಿಶ್ಲೇಷಣೆ.

412 ಅಂದಿದ್ದಕ್ಕೆ ಮಾವನಿಗೆ ಬೇಜಾರಿರಲಿಲ್ಲ. ಗುರುತು ಪರಿಚಯ ಇಲ್ಲದ ನಾನೂರು ಜನ ಓಟು ಹಾಕಿದ್ದಾರೆ ಅಂತ ಖುಷಿಯಾಗಿಯೇ ಇದ್ದರು. ಬೂತುವಾರು ಲೆಕ್ಕ ಬರೋವರೆಗೆ. ನಮ್ಮೂರ ಬೂತಿನಲ್ಲಿ ಮಾವನಿಗೆ ಬಿದ್ದಿದ್ದು 9 ಓಟು. ಸಹಿ ಹಾಕಿದ ಸೂಚಕರು ಹತ್ತು. ಮಾವನದೇ ಒಂದು ಓಟು. ಒಟ್ಟು ಹನ್ನೊಂದು ಇರಬೇಕಿತ್ತು. ಎಲ್ಲರೂ ಅದೇ ಬೂತಿನವರು.

ಆ ಇಬ್ಬರು ಯಾರು ಅನ್ನೋದು ನಮ್ಮ ಮನೆತನದ ಬಗೆಹರಿಯದ ಪ್ರಶ್ನೆ. ಹತ್ತು ವರ್ಷ ಕಳೆದರೂ ಮದುವೆ, ನಾಮಕರಣ, ತಿಥಿ, ಎಲ್ಲಿ ಸೇರಿದರೂ ಊಟ ಆದ ಮೇಲೆ ಎಲೆಅಡಿಕೆ ಜೊತೆ ಈ ಲೆಕ್ಕ ಬರುತ್ತೆ. ಒಬ್ಬೊಬ್ಬರೂ ದೇವರ ಮೇಲೆ ಆಣೆ ಮಾಡುತ್ತಾರೆ. ಅತ್ತೆ ಮಾತ್ರ ಈ ವಿಷಯ ಎದ್ದ ತಕ್ಷಣ ಕಾಫಿ ತರ್ತೀನಿ ಅಂತ ಒಳಗೆ ಹೋಗುತ್ತಾರೆ.

ಮಾವನಿಗೆ ಸಮಾಧಾನ ಹೇಳೋಕೆ ನನ್ನ ಹತ್ತಿರ ಒಂದೇ ಅಸ್ತ್ರ ಇದೆ, ಬೆಳಗಾವಿ. 1996ರ ಲೋಕಸಭೆ ಚುನಾವಣೆಯಲ್ಲಿ ಬೆಳಗಾವಿಯೊಂದರಲ್ಲೇ 456 ಜನ ಕಣದಲ್ಲಿದ್ದರು. ಗಡಿ ವಿವಾದದ ಪ್ರತಿಭಟನೆ. ಆಗ ಲೋಕಸಭೆಗೆ ಠೇವಣಿ ಬರೀ 500 ರೂಪಾಯಿ, 1951ರ ಕಾಯ್ದೆಯಲ್ಲಿ ಬರೆದಿದ್ದು ಹಾಗೇ ಇತ್ತು. ಆರನೇ ಒಂದು ಭಾಗಕ್ಕಿಂತ ಹೆಚ್ಚು ಅನ್ನೋ ಲೆಕ್ಕ ಹಾಕಿ ನೋಡಿ. ಒಂದು ಕ್ಷೇತ್ರದಲ್ಲಿ ಎಷ್ಟೇ ಜನ ನಿಂತರೂ ಐದು ಜನಕ್ಕಿಂತ ಹೆಚ್ಚು ಮಂದಿಯ ಠೇವಣಿ ಉಳಿಯೋಕೆ ಸಾಧ್ಯವೇ ಇಲ್ಲ. ಅಂದರೆ ಬೆಳಗಾವಿಯಲ್ಲಿ ಕನಿಷ್ಠ 451 ಜನರ ಠೇವಣಿ ಒಂದೇ ದಿನ ಹೋಯಿತು. ಅದೇ ವರ್ಷ ಕಾಯ್ದೆ ತಿದ್ದಿ ಠೇವಣಿಯನ್ನು 10,000ಕ್ಕೆ ಏರಿಸಿದರು, ಆಮೇಲೆ 25,000 ಆಯಿತು. ವಿಧಾನಸಭೆಯ 250 ಕೂಡ ಹೀಗೇ ಏರುತ್ತಾ ಮಾವನ ಕಾಲಕ್ಕೆ 10,000 ಆಗಿತ್ತು.

"ನೋಡಿ ಮಾವ, 451 ಜನ" ಅಂತೀನಿ.

"ಅವರ ಮನೇಲಿ ಓಟು ಎಷ್ಟು ಬಿತ್ತು, ಅದು ಹೇಳು" ಅಂತಾರೆ.

ಈ ವರ್ಷ ಮಗಳು ಒಂದನೇ ಕ್ಲಾಸು. ಬೆಂಗಳೂರಿನ ಸ್ಕೂಲು, ಕನ್ನಡ ಸೆಕೆಂಡ್ ಲ್ಯಾಂಗ್ವೇಜು. ಹೋಮ್‌ವರ್ಕ್‌ಗೆ ಠ ಒಂದು ಪುಟ ಬರೆಯೋದಿತ್ತು. ಅಡುಗೆಮನೆಯಿಂದ ಬಂದು ನೋಡುತ್ತೇನೆ, ಮೊದಲ ಸಾಲು ಮಾತ್ರ ಅಕ್ಷರ. ಎರಡನೇ ಸಾಲಿನಿಂದ ಒಂದೊಂದು ಠಕ್ಕೂ ರೆಪ್ಪೆಗೂದಲು. ಮೂರನೇ ಸಾಲಿನಲ್ಲಿ ಎರಡೆರಡು ಠ ಸೇರಿಸಿ ಕೆಳಗೆ ಬಾಯಿ. ಕೊನೆಯ ಸಾಲಿನಲ್ಲಿ ಮೀಸೆ. ಇದು ತಾತ ಅಂತೆ, ಇದು ವ್ಯಾನ್ ಅಂಕಲ್ ಅಂತೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಓದು ಇನ್ನೂ ಪೂರ್ತಿ ಬಂದಿರಲಿಲ್ಲ, ಅಷ್ಟೇ.

ಅವತ್ತು ಅತ್ತೆ ಕಣ್ಣಿನ ಡಾಕ್ಟರಿಗೆ ತೋರಿಸೋಕೆ ಅಂತ ಬಂದು ನಮ್ಮ ಮನೆಯಲ್ಲೇ ಇದ್ದರು. ಪುಸ್ತಕ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಮಗಳು ಬೆರಳಿಟ್ಟು ವಿವರಿಸಿದಳು. ಇದು ಹುಬ್ಬು, ಇದು ಗುಡ್ಡೆ, ಇದು ಕೋಪ ಬಂದಿರೋದು. ಅತ್ತೆ ತುಂಬಾ ಹೊತ್ತು ನಕ್ಕರು. ಆಮೇಲೆ ಮಗಳಿಂದ ಫೋನಿನಲ್ಲಿ ಠ ಎಲ್ಲಿ ಒತ್ತಬೇಕು ಅಂತ ಕೇಳಿ ತಿಳಿದುಕೊಂಡರು. ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ.

ಎರಡು ವಾರದ ಮೇಲೆ ಫ್ಯಾಮಿಲಿ ಗ್ರೂಪಿನಲ್ಲಿ ಮಾವನ ಮೆಸೇಜು ಬಂತು. ಸಾಮಾನ್ಯವಾಗಿ ಅವರು ಕಳಿಸೋದು ಶುಭೋದಯದ ದಾಸವಾಳ. ಇದು ಹಾಗಿರಲಿಲ್ಲ. ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳ ಕೈಯಲ್ಲಿದೆ, ಇದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲ ಅಂತ ಮೂರು ಪ್ಯಾರಾ. ಆ ಮಾತೇನೋ ಸರಿಯೇ. ಕೊನೆಯ ಸಾಲು ಮಾತ್ರ ಬೇರೆ: "ಚುನಾವಣೆ ಘೋಷಣೆಯಾದರೆ ನಾನೇ ನಿಲ್ಲುವುದೆಂದು ಹಿತೈಷಿಗಳ ಒತ್ತಾಯವಿದೆ. ಕುಟುಂಬದವರ ಅಭಿಪ್ರಾಯ ತಿಳಿಸಿ."

ಒಂದು ಗಂಟೆ ಯಾರೂ ಉಸಿರೆತ್ತಲಿಲ್ಲ. ಇಪ್ಪತ್ತಾರು ಜನ ಓದಿದ್ದಾರೆ, ಇಪ್ಪತ್ತಾರು ನೀಲಿ ಗೀಟು. ಅಪ್ಪ ಒಂದು ಕೈಮುಗಿಯೋ ಚಿತ್ರ ಹಾಕಿ ಅಳಿಸಿದರು. ಆಮೇಲೆ ಆ ಗ್ರೂಪಿನಲ್ಲಿ ಎಂದೂ ಏನೂ ಬರೆಯದ ಅತ್ತೆಯ ಹೆಸರು ಮೇಲೆ ಬಂತು. ಒಂದೇ ಒಂದು ಅಕ್ಷರ.

ಠ

ಎರಡನೇ ಕಣ್ಣು ಹಾಕೋದು ಮರೆತರೋ, ಒಂದೇ ಸಾಕು ಅಂದುಕೊಂಡರೋ. ಮಾವನ ಉತ್ತರ ಮಾತ್ರ ತಕ್ಷಣ ಬಂತು.

"ಠೇವಣಿ ನಾನೇ ಕಟ್ಟುತ್ತೇನೆ ಬಿಡು. ಈ ಸಲ ಮಿಷನ್ ಮುಟ್ಟುವುದಿಲ್ಲ."